ಆ ಅತ್ತಿಗೆ ಕಡಿಗೆ ಏನಾತು?

ಟೆಂಟ್ ಸಿನಿಮಾ ಅಂದ ಕೂಡ್ಲೇ ಎಲ್ಲಾರೂ "ಆಹಾ, ಎಂಥಾ ಕಾಲ!" ಅಂತಾರ. ನನಗ ಮಾತ್ರ ಮೈ ಉರೀತೈತಿ. ಒಂದ ಸಿನಿಮಾನ ಮೂರು ಊರಾಗ ನೋಡೀನಿ. ಮೂರೂ ಸಲ ಯಾರರ ಒಬ್ರು ಬಂದು ಕಡೀ ರೀಲು ಕಸ್ಕೊಂಡಾರ.

ನಾ ಮದುವ್ಯಾಗಿ ಸಿಂಧನೂರಿಗೆ ಬಂದು ಆಗ ಒಂದು ವರ್ಷ. ರಜಾಕಾರರ ಗದ್ದಲ ತಣ್ಣಗಾಗಿತ್ತು, ಕಾಲುವಿ ಇನ್ನೂ ಅಗಿಯಾಕತ್ತಿದ್ರು. ಬಂದದ್ದು ತೆಲುಗು ಸಿನಿಮಾ. ಅದರಾಗ ಅತ್ತಿ ತನ್ನ ಬಂಗಾರದ ಬಳಿ ತಾನ ಜ್ವಾಳದ ಚೀಲದಾಗ ಮುಚ್ಚಿಟ್ಟು, ಸೊಸಿ ಕದ್ದಾಳ ಅಂತ ಆಕಿನ್ನ ಮನಿ ಬಿಡಸ್ತಾಳ. ಮಾತು ಅರ್ಧ ತಿಳೀತಿತ್ತು, ಅತ್ತಿ ಕಾಟ ಪೂರಾ ತಿಳೀತಿತ್ತು. ಆಕಿ ಕಡಿಗೆ "ತಪ್ಪಾತು" ಅಂತಾಳೋ ಇಲ್ಲೋ, ನನಗ ಅಷ್ಟ ಬೇಕಾಗಿತ್ತು. ಯಾಕಂದ್ರ ನಮ್ಮ ಮನ್ಯಾಗೂ ಒಬ್ರು ಅತ್ತಿ ಇದ್ರು. ಅವರ ಬಾಯಾಗ ಆ ಮಾತು ನಾ ಒಮ್ಮಿನೂ ಕೇಳಿರಲಿಲ್ಲ.

ಸಿಂಧನೂರು

ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವ ಜಮಖಾನಿ ಕಟ್ಟಿದ್ರು. ನಮ್ಮ ಮನಿಯವ್ರಿಗೆ ಒಂದು ಹಾಳು ರೂಢಿ: ಎಲ್ಲಿಗೆ ಹೋದ್ರೂ ಮಂದಿ ಏಳೂಕಿಂತ ಮೊದ್ಲ ತಾವು ಎದ್ದು ನಡೀಬೇಕು. ಸಿನಿಮಾದಾಗ ಗಂಡ ಚೀಲಕ್ಕ ಕೈ ಹಾಕಿದ್ದ, ಇನ್ನೇನು ಬಳಿ ಸಿಗಬೇಕು, ಜಮಖಾನಿ ಆಚಿಂದ ಕೂಗು ಬಂತು:

"ಏ, ಕೇಳಸ್ತೇನು? ನಡೀ!"

ಗಂಡ ಹೆಂಡತಿ ಹೆಸರು ಹಿಡಿಯೋ ಕಾಲ ಅಲ್ಲ ಅದು. ಹತ್ತು ಹನ್ನೆರಡು ಹೆಂಗಸರು ದಡಬಡ ಎದ್ದು ನಿಂತ್ರು. "ಕುಂದರ್ರೇ!" ಅಂತ ಹಿಂದಿನವ್ರು ಚೀರಿದ್ರು. ಎಲ್ಲಾರೂ ಕುಂತ್ರು. ಧ್ವನಿ ಗುರ್ತು ಹಿಡಿದಾಕಿ ನಾ ಒಬ್ಬಾಕಿ ಹೊರಗ ಹೋದೆ.

"ಅಂಥಾದ್ದೇನ್ರಿ ಅವಸರ?"

"ಗದ್ದಲದಾಗ ಸಿಗಬಾರ್ದು" ಅಂದ್ರು. ಹೊರಗ ಒಂದು ನಾಯಿ ಬಿಟ್ರ ನರಪಿಳ್ಳಿ ಇರಲಿಲ್ಲ.

ಮಸ್ಕಿ

ಅದ ಟೆಂಟು ಮಸ್ಕಿಗೆ ಹೋತು. ಅಲ್ಲಿ ನಮ್ಮ ನಾದಿನಿ ಮನಿ. ಆಕಿ ಬಸುರಿ, ಕುಬಸದ ನೆವ ಮಾಡಿ ಹೋದೆ, ಮನಿಯವ್ರನ್ನ ಬಿಟ್ಟ ಹೋದೆ. ಸಿನಿಮಾದಾಗ ಬಳಿ ಸಿಕ್ತು. ಅಡವ್ಯಾಗ ಸೊಸಿ ಅತ್ಲು, ಶಿವ ಪ್ರತ್ಯಕ್ಷ ಆದ. ಆತು! ಶಿವ ಬರ್ತಾನಂತ ಮೊದ್ಲ ಕೇಳಿ ಮಸ್ಕಿ ಹೆಂಗಸರು ಉಡ್ಯಾಗ ತೆಂಗಿನಕಾಯಿ ಕಟಗೊಂಡ ಬಂದಿದ್ರು. ಕಾಯಿ ಒಡದ್ರು, ಪರದಿಗೆ ಇಬತ್ತಿ ಬಳದ್ರು, ಒಬ್ಬಾಕಿ ಕರ್ಪೂರ ಹಚ್ಚಿ ಆರತಿ ಎತ್ತಿದ್ಲು. ಟೆಂಟಿನ ಮಾಲೀಕ "ಬೆಂಕಿ ಹತ್ತೀತಬೇ!" ಅಂತ ಓಡಿ ಬಂದು, ಮಿಷಿನ್ ಬಂದ್ ಮಾಡಿ, ಪರದಿ ಬಿಚ್ಚಿ ಸುತ್ತಿ ಬಗಲಾಗ ಇಟಗೊಂಡ.

"ಅಣ್ಣಾ, ಅತ್ತಿಗೆ ಏನಾತು? ಅಷ್ಟರ ಹೇಳೋ" ಅಂದೆ.

ಆರತಿ ಎತ್ತಿದಾಕಿ ನನ್ನ ಮ್ಯಾಲೇ ಹರಿಹಾಯ್ದ್ಲು: "ಸಾಕ್ಷಾತ್ ಶಿವ ಬಂದು ಹೋಗ್ಯಾನ, ನಿನಗ ಅತ್ತಿ ಚಿಂತಿ ಏನಬೇ?"

ಲಿಂಗಸುಗೂರು

ಇದು ನನ್ನ ತವರು. ಇಲ್ಲಿ ಮಾಲೀಕ ಬಾಗಲಾಗ ನಿಂತು ಎಲ್ಲಾರ ಉಡಿ ಬಿಚ್ಚಿಸಿ ನೋಡೇ ಒಳಗ ಬಿಟ್ಟ. ಶಿವ ಬಂದ, ಕಾಯಿ ಇಲ್ದ ಹೋದ. ಸೊಸಿ ಮನಿಗೆ ಬಂದ್ಲು. ಗಂಡ ಬಳಿ ಹಿಡಕೊಂಡು ಅವ್ವನ ಮುಂದ ನಿಂತ. ಆಕಿ ಬಾಯಿ ತೆಗಿಬೇಕು, ಅಷ್ಟರಾಗ ಒಬ್ರು ಸರಕಾರಿ ಸಾಹೇಬ್ರು ಬಂದ್ರು. ಮಾಲೀಕ ಕುರ್ಚಿ ಹಾಕಿ, "ಸಾಹೇಬ್ರು ಬಂದಾರ, ಮೊದಲಿಂದ ಬಿಡೋ!" ಅಂದ.

"ಮತ್ತ ನಾವು ಮನಷ್ಯಾರಲ್ಲೇನು?" ಅಂತ ಎದ್ದು ಒದರಿದೆ. ನಮ್ಮವ್ವ ಸೆರಗು ಜಗ್ಗಿ ಕುಂದ್ರಿಸಿದ್ಲು. ಎಂಥಾ ಅನ್ಯಾಯ! ಇಡೀ ಟೆಂಟು ಬಾಯಿ ಮುಚ್ಚಿಕೊಂಡು ಮತ್ತ ಮೊದಲಿಂದ ನೋಡ್ತು. ಅತ್ತಿ ಬಳಿ ಮುಚ್ಚಿಡೂದ್ರಾಗ ಇಂಜಿನ್ನಿನ ಎಣ್ಣಿ ತೀರಿ ಕತ್ತಲಾತು.

ಸಾಹೇಬ್ರು ಎದ್ದು ಮೈ ಮುರದು ಅಂದ್ರು: "ಛಲೋ ಐತಿ ಸಿನಿಮಾ. ಆದ್ರ ಭಾಳ ಸಣ್ಣದಾತು."

ಬಳಗಾನೂರು

ಟೆಂಟು ಬಳಗಾನೂರಿಗೆ ಬಂದಾಗ ನನ್ನ ಕೂಸಿಗೆ ಜ್ವರ. ನಮ್ಮತ್ತಿ ಬಂಡಿ ಕಟ್ಟಿಸಿ ಓಣಿ ಹೆಂಗಸರನ್ನ ಕರಕೊಂಡು ಹೋದ್ರು. ನಾ ಕೂಸಿನ ಹಣಿಗೆ ಒದ್ದಿ ಬಟ್ಟಿ ಹಾಕ್ಕೋತ ಮನ್ಯಾಗ ಉಳಿದೆ. ಮುಂಜಾನೆ ರೊಟ್ಟಿ ಬಡಕೋತ ಕೇಳಿದೆ:

"ಅತ್ತಿ, ಕಡಿಗೆ ಆಕಿಗೆ ಏನಾತ್ರಿ?"

ಅತ್ತಿ ಬಾಯಾಗ ಎಲಿಅಡಿಕಿ ಹಾಕ್ಕೊಂಡ್ರು. "ಏನಾಗ್ತೈತಿ? ಸೊಸಿ ಬಂದು ಅತ್ತಿ ಕಾಲಿಗೆ ಬಿದ್ದು, ತಪ್ಪಾತು ಅಂದ್ಲು."

"ಬಳಿ ಮುಚ್ಚಿಟ್ಟಾಕಿ ಅತ್ತಿ, ತಪ್ಪಾತು ಅನ್ನಾಕಿ ಸೊಸಿ? ಯಾವ ಊರ ನ್ಯಾಯರೀ ಇದು?"

"ಸಿನಿಮಾದಾಗ ಹಂಗ ಐತಿ. ನಾ ಏನ ಮಾಡ್ಲಿ?"

ನೀರಿಗೆ ಹೋದಾಗ ಬಾಜೂ ಮನಿ ಮುದುಕಿ ಸಿಕ್ರು. ಓಣಿಗೆಲ್ಲಾ ಅವ್ರು ಖಾಲಾ, ಅಂದ್ರ ಚಿಕ್ಕವ್ವ. ಅವ್ರೂ ಅದ ಬಂಡ್ಯಾಗ ಹೋಗಿದ್ರು. ಸೊಸಿ ಖರೇನ ಕಾಲಿಗೆ ಬಿದ್ಲೇನ್ರಿ ಅಂತ ಕೇಳಿದೆ. ಖಾಲಾ ಆಕಡೆ ಈಕಡೆ ನೋಡಿ, ಸಣ್ಣ ಧ್ವನಿಲೆ ಅಂದ್ರು:

"ಪೂರಾ ನೋಡಾಕ ಎಲ್ಲಿ ಬಿಟ್ಲು ಬೇಟಿ? ಸಿನಿಮಾದಾಗಿನ ಅತ್ತಿ ತನ್ನ ಸೊಸಿಯ ಎರಡೂ ಕೈ ಹಿಡಕೊಂಡು ಅಳಾಕ ಸುರು ಮಾಡಿದ್ಲು ನೋಡು, ನಿಮ್ಮತ್ತಿ ತಟ್ನ ಎದ್ಲು. 'ನಡೀರೇ, ಇನ್ನ ಸಿನಿಮಾ ಕೆಟ್ಟು ಹೋತು' ಅಂತ ನಮ್ಮನ್ನೆಲ್ಲಾ ಎಬ್ಬಿಸಿ ಬಂಡಿ ಹತ್ತಿಸಿದ್ಲು."