ಎಲ್ಲದಕ್ಕೂ ‘ಆತು’

ಹೊಗಳಿಕೆ ಯಾರಿಗೆ ಬೇಡ? ಐವತ್ತು ದಾಟಿದ ಮನುಷ್ಯನಿಗೆ ಸಿಗುವುದು ಬರೀ ಬುದ್ಧಿವಾದ. ಅಂಥದ್ದರಲ್ಲಿ ನನ್ನ ಮೊಬೈಲೇ ನನ್ನನ್ನು ಹೊಗಳಲು ಶುರು ಮಾಡಿದಾಗ ನಾನು ಹಿಗ್ಗಿ ಹೀರೇಕಾಯಿಯಾದೆ. ನನಗೆ ಸಕ್ಕರೆ ಕಾಯಿಲೆ. ಮುಂದಿನ ರಕ್ತಪರೀಕ್ಷೆಯೊಳಗೆ ಅದು ಇಳಿಯದಿದ್ದರೆ ದಿನಾ ಇಂಜೆಕ್ಷನ್ ಎಂದು ಕುಮಟೆಯ ಡಾಕ್ಟರು ಹೆದರಿಸಿದ್ದರು. ನನಗೋ ಹೆಂಡತಿ ಅಂಗಿಗೆ ಗುಂಡಿ ಹಚ್ಚುವ ಸೂಜಿ ಕಂಡರೂ ಬೆವರು. ಅದಕ್ಕೇ ಅವಳು ನನ್ನ ಮೊಬೈಲಿಗೆ ಕನ್ನಡದಲ್ಲಿ ಮಾತಾಡುವ ಆರೋಗ್ಯದ ಆ್ಯಪ್ ಹಾಕಿಸಿದಳು.

ದಿನಾ ಸಂಜೆ ಅದು ಇಂಪಾಗಿ, "ನಡಿಗೆಗೆ ಹೊರಡುವ ಸಮಯ" ಎನ್ನುತ್ತಿತ್ತು. ನಾನು ಕುರ್ಚಿಯಿಂದಲೇ "ಆತು" ಎನ್ನುತ್ತಿದ್ದೆ. ನಮ್ಮ ಕಡೆ ಕೆಲಸ ಮುಗಿಸಿದವನೂ ಆತು ಎನ್ನುತ್ತಾನೆ, ಮಾಡುತ್ತೇನೆ ಎನ್ನುವವನೂ ಆತು ಎನ್ನುತ್ತಾನೆ, ಮಾಡುವ ಯೋಚನೆಯೇ ಇಲ್ಲದವನು ಎರಡು ಸಲ ಆತು ಆತು ಎನ್ನುತ್ತಾನೆ. ಪಾಪ, ಘಟ್ಟದ ಮೇಲಿನ ಆ್ಯಪಿಗೆ ಇದೆಲ್ಲ ಹೇಗೆ ತಿಳಿಯಬೇಕು? "ಭೇಷ್! ಇಂದಿನ ನಡಿಗೆ ಮುಗಿಸಿದಿರಿ!" ಎಂದು ಚಪ್ಪಾಳೆ ತಟ್ಟಿ ಪರದೆ ತುಂಬ ಹೂ ಸುರಿಸುತ್ತಿತ್ತು. ಖುಷಿಯೋ ಖುಷಿ! ಆ ಹೂಗಳನ್ನು ಸ್ಟೇಟಸ್ಸಿಗೆ ಹಾಕಿದೆ. ಭಟ್ಕಳದ ನೆಂಟರೂ ಶಹಬ್ಬಾಸ್ ಎಂದರು. "ನಿಮ್ಮ ಹೊಟ್ಟೆಗೂ ಒಂದು ಮೆಸೇಜ್ ಹಾಕಿ, ಅದಕ್ಕಿನ್ನೂ ಸುದ್ದಿ ಹೋದಂಗಿಲ್ಲ" ಎಂದಳು ಹೆಂಡತಿ.

ಸುದ್ದಿ ಹೋದದ್ದು ಹೊನ್ನಾವರದಲ್ಲಿರುವ ಅವಳ ತಮ್ಮನಿಗೆ. "ಭಾವ, ನಿಮ್ಮ ಸ್ಟೇಟಸ್ ನೋಡಿ ನಾನೂ ನಡೂಕೆ ಶುರು ಮಾಡ್ದೆ ಮಾರಾಯ್ರೆ! ಭಾನುವಾರ ಸಂಜೆ ಬರ್ತೆ, ಧಾರೇಶ್ವರದ ತನಕ ನಡ್ದೇ ಹೋಗ್ವ" ಎಂದು ಫೋನಿನಲ್ಲೇ ಕುಣಿದಾಡಿದ. ಇಷ್ಟೆಲ್ಲ ಹೂ ಮುಡಿದವನು ಒಲ್ಲೆ ಎನ್ನುವುದು ಹೇಗೆ? ಗಡಿಬಿಡಿಯಲ್ಲಿ ಮೊಬೈಲನ್ನು ಚಾರ್ಜಿಗೆ ಹಾಕಿದಲ್ಲೇ ಮರೆತು ಹೊರಟೆ. ಅರ್ಧ ದಾರಿಗೇ ನಾಲಿಗೆ ಹೊರಬಂತು, ಮಾನ ಹೋಗಬಾರದೆಂದು ಕಾಲು ಎಳೆದೆ. ಅಂತೂ ಮುಟ್ಟಿದೆ! ದೇವರಿಗೆ ಕೈಮುಗಿದು, ಟೆಂಪೊ ಹತ್ತಿ, ಗೆದ್ದವನ ಹಾಗೆ ಮನೆಗೆ ಬಂದರೆ ಮೊಬೈಲ್ ಹೇಳಿತು, "ಇಂದು ನೀವು ನಡೆಯಲಿಲ್ಲ. ಸೋಮಾರಿತನ ಬಿಡಿ."

ನನ್ನ ಸಿಟ್ಟು ನೆತ್ತಿಗೇರಿತು. ನಡೆಯದಿದ್ದಾಗ ಚಪ್ಪಾಳೆ, ನಡೆದಾಗ ಸೋಮಾರಿಯೇ? ಮರುದಿನ ಅದು ಬಾಯಿ ಬಿಡುವ ಮೊದಲೇ ಕಿಸೆಗೆ ತುರುಕಿಕೊಂಡು ಹೊರಟೆ. ಕೂತಲ್ಲೇ ಆತು ಎನ್ನಬಹುದೆಂಬುದು ಹೊಳೆಯಲೇ ಇಲ್ಲ. ಆಮೇಲೆಯೂ ಹಟಕ್ಕೆ ಬಿದ್ದು ನಡೆದೆ. ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು, ಸೂಜಿ ತಪ್ಪಿತು! ಕುಣಿಯುತ್ತ ಮನೆಗೆ ಬಂದು, "ಒಂದೇ ಒಂದು ಬೈಗುಳ ಎಂಥಾ ಕೆಲಸ ಮಾಡ್ತು ನೋಡು!" ಎಂದೆ.

ಹೆಂಡತಿ ನನ್ನನ್ನೇ ನೋಡಿದಳು. "ಹಂಗಾರೆ ಮದುವೆ ಆದಾಗಿಂದ ನಾ ಬೈದದ್ದು ಎಂತದು, ಜೋಗುಳವಾ?"