ಮರಳುಗಾಡಿನ ನೆಲಕ್ಕೆ ನೀರು ಕಟ್ಟಿದ್ದು

ಸಿಮೆಂಟಿನ ನೆಲದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೈಸೂರಿನಲ್ಲಿ ನಮ್ಮ ಮನೆ ಕಟ್ಟುವಾಗ ರೆಡ್ ಆಕ್ಸೈಡ್ ನೆಲ ಹಾಕಿಸಿದವಳು ನಾನು. ಮೇಸ್ತ್ರಿ ತಿಕ್ಕಿ ನಯ ಮಾಡಿ ಎದ್ದು ಹೋದ ಮೇಲೆ ಸುತ್ತ ಮಣ್ಣಿನ ಕಟ್ಟೆ ಕಟ್ಟಿ, ನೀರು ನಿಲ್ಲಿಸಿ, ಇಪ್ಪತ್ತೊಂದು ದಿನ ಕಾದವಳೂ ನಾನೇ. ಆ ನೆಲದಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದಿತ್ತು. ಹೊಸ ನೆಲಕ್ಕೆ ನೀರು ಕುಡಿಸದಿದ್ದರೆ ಅದು ಬಿರುಕು ಬಿಡುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ಮುಳುವಾಯಿತು!

ಅಮೆರಿಕದ ಕ್ಯಾರಿಯಲ್ಲಿರುವ ಮಗಳು ಶುಭಾಳ ಮನೆಗೆ ನಾನು ಬರುವಾಗ ಪಟ್ಟದ ಗೊಂಬೆಗಳನ್ನು ಸೀರೆಯಲ್ಲಿ ಸುತ್ತಿ, ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ರಾಜ ರಾಣಿ ಅವು. ಒಂದು ನವರಾತ್ರಿಯೂ ತಪ್ಪದೆ ಪಾಡ್ಯದ ದಿನ ಕೂರಿಸಿದ್ದೇನೆ. ಈ ಸಲ ಮೊಮ್ಮಗಳು ದಿಯಾಳ ಕೈಯಲ್ಲಿ ಕೂರಿಸಿ, ಶುಭಾಳಿಗೆ ಒಪ್ಪಿಸಿಬಿಡಬೇಕು ಅನ್ನುವುದು ನನ್ನ ಆಸೆ. ಆದರೆ ಈ ಮನೆಯ ಹಾಲ್‌ನಲ್ಲಿ ಒಂದು ಊದುಬತ್ತಿ ಹಚ್ಚಿದರೆ ಸಾಕು, ಚಾವಣಿಯಲ್ಲಿರುವ ಸ್ಮೋಕ್ ಅಲಾರಮ್ ಬಾಯಿ ಬಡಿದುಕೊಳ್ಳುತ್ತದೆ. ಹಾಗಾಗಿ ಗೊಂಬೆ ಗ್ಯಾರೇಜಿನಲ್ಲಿ ಎಂದು ತೀರ್ಮಾನವಾಯಿತು. ಹದಿನೆಂಟು ಮನೆಗಳಿಗೆ ಆಹ್ವಾನವೂ ಹೋಯಿತು.

ಗ್ಯಾರೇಜಿನ ನೆಲ ಮಾತ್ರ ಎಣ್ಣೆ ಕಲೆ, ಟೈರಿನ ಗೆರೆ. ಅಳಿಯ ಪ್ರಸನ್ನ ಅದಕ್ಕೆ ಎಪಾಕ್ಸಿ ಎಂಬ ಗಾಜಿನಂತೆ ಹೊಳೆಯುವ ಬಣ್ಣ ಬಳಿಯುತ್ತೇನೆಂದು ಹೊರಟರು. ಒಂದು ಸ್ಪೂನ್ ಕೊಳ್ಳುವುದಕ್ಕೂ ಮೂವತ್ತು ವಿಡಿಯೋ ನೋಡುವ ಮನುಷ್ಯ. ಈ ಸಲ ಅರಿಜೋನಾದ ಒಬ್ಬ ಗಡ್ಡದವನನ್ನು ಗುರುವಾಗಿ ಸ್ವೀಕರಿಸಿದರು. ನಾನೂ ಪಕ್ಕದಲ್ಲಿ ಕೂತು ನೋಡಿದೆ. ಸುತ್ತ ಮರಳು, ಕೈ ಎತ್ತಿ ನಿಂತ ಕಳ್ಳಿಗಿಡಗಳು, ದೂರದಲ್ಲಿ ಕೆಂಪು ಬೆಟ್ಟ. ನಡುವೆ ಒಂದು ಗ್ಯಾರೇಜು, ಅದರ ನೆಲ ಮಾತ್ರ ನಿಂತ ನೀರಿನ ಹಾಗೆ ಫಳಫಳ. ನೋಡುತ್ತ ನೋಡುತ್ತ ನಾನು ಎಲ್ಲಿದ್ದೇನೆಂಬುದೇ ಮರೆತುಹೋಯಿತು. ಆ ಹೊಳಪಿನ ಮೇಲೆ ನನ್ನ ರಾಜ ರಾಣಿ ತೇಲಿಕೊಂಡು ಬರುತ್ತಿದ್ದರು.

"ಅತ್ತೆ, ಇದು ಡೆಸರ್ಟಿಗೇ ಅಂತ ಮಾಡಿರೋ ಕೋಟಿಂಗು. ಎಂಥ ಬಿಸಿಲಿಗೂ ಬಣ್ಣ ಹೋಗಲ್ಲ, ಬಿಸಿ ಟೈರಿಗೂ ಕಿತ್ಕೊಂಡ್ ಬರಲ್ಲ" ಎಂದರು ಪ್ರಸನ್ನ.

"ನಮ್ಗೆಲ್ಲಿದೆ ಪ್ರಸನ್ನ ಮರಳುಗಾಡು? ಇಲ್ಲಿ ಹಪ್ಪಳ ಇಟ್ರೆ ಸಂಜೆ ಹೊತ್ತಿಗೆ ಬಟ್ಟೆ ಥರ ಮಡಿಚ್ಬೋದು!"

"ಅದಕ್ಕೇ ಅತ್ತೆ, ಅಲ್ಲಿ ಒಂದೇ ದಿನಕ್ಕೆ ಗಟ್ಟಿಯಾಗತ್ತೆ. ಇಲ್ಲಿ ಮೂರು ದಿನ ಬಿಡೋಣ."

ಭಾನುವಾರ ಬಣ್ಣ ಬಳಿಯುವುದು. ಗುರುವಾರ ಪಾಡ್ಯ. ಲೆಕ್ಕ ಸರಿಯಾಗಿತ್ತು. ಪ್ರಸನ್ನ ಎರಡು ಡಬ್ಬದ ದ್ರವ ಬೆರೆಸಿ ಸುರಿದು, ಹಸಿ ಬಣ್ಣದ ಮೇಲೆ ಓಡಾಡಲೆಂದೇ ತರಿಸಿದ ಮುಳ್ಳಿನ ಚಪ್ಪಲಿ ಕಟ್ಟಿಕೊಂಡು, ರೋಲರ್ ಎಳೆಯತೊಡಗಿದರು. ಮೇಲೆ ಬಣ್ಣದ ಚಕ್ಕೆ ಉದುರಿಸುವ ಹೊಣೆ ನನ್ನದು ಮತ್ತು ದಿಯಾಳದು. ಬಾಗಿಲ ಹೊರಗೆ ನಿಂತು, ಹಿಮ ಬಿದ್ದಂತೆ ಹಗುರವಾಗಿ ಮೇಲಕ್ಕೆ ತೂರಬೇಕಂತೆ. ನಾನು ಹಿಡಿ ತುಂಬ ಚಕ್ಕೆ ತೆಗೆದುಕೊಂಡೆ. ಅಷ್ಟರಲ್ಲಿ ಅಳಿಯ ನನ್ನ ಎದುರೇ ಬಂದು ಬಗ್ಗಿದರು. ಬಗ್ಗಿದ ಅಳಿಯನ ತಲೆ ಕಣ್ಣೆದುರಿಗೆ ಬಂದರೆ ನನ್ನ ಕೈ ನನ್ನ ಮಾತು ಕೇಳುತ್ತದೆಯೇ? ಹಿಡಿಯಷ್ಟೂ ನೆತ್ತಿಯ ಮೇಲೆ ಬಿತ್ತು. ಬಾಯಿ ತಾನಾಗಿಯೇ "ನೂರು ಕಾಲ ಚೆನ್ನಾಗಿರಿ" ಎಂದಿತು.

"ಅಜ್ಜೀ! ನಾಟ್ ಆನ್ ಡ್ಯಾಡಿ!"

"ಇರ್ಲಿ ಬಿಡು ಪುಟ್ಟ" ಎಂದರು ಪ್ರಸನ್ನ, ಕಣ್ಣು ಮುಚ್ಚಿಕೊಂಡೇ. ಒಳ್ಳೆಯ ಮನುಷ್ಯ. ಕೂದಲಲ್ಲಿ ಉಳಿದ ಚಕ್ಕೆಗಳೊಂದಿಗೇ ಮರುದಿನ ಆಫೀಸಿಗೆ ಹೋದರು.

ತಾನೂ ಕೆಲಸಕ್ಕೆ ಹೊರಡುವಾಗ ಶುಭಾ ನನ್ನ ಮುಂದೆ ನಿಂತು ಒಂದೊಂದೇ ಮಾತು ಒತ್ತಿ ಹೇಳಿದಳು. "ಅಮ್ಮ, ಗ್ಯಾರೇಜಲ್ಲಿ ನೀನು ಏನೂ ಮಾಡ್ಬೇಡ. ಕಾಲಿಡ್ಬೇಡ. ಗಾಳಿಯಾಡ್ಲಿ ಅಂತ ಬಾಗ್ಲು ತೆಗೆದಿದೀನಿ, ಅಷ್ಟೆ."

"ಕಾಲಿಡಲ್ಲ ಕಣೇ" ಎಂದೆ. ಮಾತಿಗೆ ತಪ್ಪುವವಳಲ್ಲ ನಾನು. ನೀರು ಹಾಕಬೇಡ ಎಂದು ಅವಳು ಹೇಳಿರಲಿಲ್ಲ!

ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಹೊರಗೆ ಬಿಸಿಲು ಸುರಿಯುತ್ತಿತ್ತು. ಗ್ಯಾರೇಜಿನ ಮುಂದಿನ ಡ್ರೈವ್‌ವೇಯಲ್ಲಿ ನಿಂತು ಒಳಗೆ ಇಣುಕಿದೆ. ಹೊಸ ನೆಲ ಒಂಟಿಯಾಗಿ ಮಲಗಿತ್ತು. ಒಂದು ತೊಟ್ಟು ನೀರಿಲ್ಲ! ಮೊದಲೇ ಮರಳುಗಾಡಿನ ಸಾಮಾನು, ಹುಟ್ಟಿನಿಂದಲೇ ಬಾಯಾರಿರುತ್ತದೆ. ಈ ಮಕ್ಕಳು ಕಂಪ್ಯೂಟರ್ ಓದಿದವರು, ಮನೆ ಕಟ್ಟಿಸಿದವರಲ್ಲ. ಗುರುವಾರದ ಹೊತ್ತಿಗೆ ಬಿರುಕು ಬಿಟ್ಟರೆ ನನ್ನ ರಾಜ ರಾಣಿ ಎಲ್ಲಿ ಕೂರಬೇಕು?

ಮನೆಯಲ್ಲಿದ್ದ ನಾಲ್ಕು ಯೋಗಾ ಮ್ಯಾಟ್ ಸುರುಳಿ ಸುತ್ತಿದೆ. ಬಾಗಿಲಿನುದ್ದಕ್ಕೂ ಸಾಲಾಗಿ ಇಟ್ಟು, ಸಂದಿಗೆ ಟವೆಲು ತುರುಕಿದೆ. ಕಟ್ಟೆ ಸಿದ್ಧ. ಹುಲ್ಲಿಗೆ ನೀರು ಹಾಕುವ ಪೈಪನ್ನು ಎಳೆದು ತಂದು, ಹೊರಗೆ ನಿಂತೇ, ಮಗುವಿಗೆ ನೀರೆರೆಯುವಷ್ಟು ಮೃದುವಾಗಿ ಬಿಟ್ಟೆ.

ನೀರು ನಿಂತಿತು. ಆಮೇಲೆ ಏನಾಯಿತೆಂದು ಹೇಗೆ ಹೇಳಲಿ? ಗ್ಯಾರೇಜು ಕೆರೆಯಾಯಿತು. ಎದುರು ಮನೆಯ ಪೈನ್ ಮರಗಳು ಅದರಲ್ಲಿ ತಲೆಕೆಳಗಾಗಿ ನಿಂತವು. ಆಕಾಶ ಒಳಗೆ ಬಂತು. ಒಂದು ಬಿಳಿ ಮೋಡ ಕಾರು ನಿಲ್ಲಿಸುವ ಜಾಗದಲ್ಲಿ ಮೆಲ್ಲಗೆ ಬಂದು ನಿಂತಿತು, ಮತ್ತೆ ಏನೋ ನೆನಪಾದಂತೆ ಹೊರಟುಹೋಯಿತು. ನಾನು ಮಡಿಸುವ ಕುರ್ಚಿ ತಂದು ದಡದಲ್ಲಿ ಕೂತೆ. ಎಷ್ಟು ಹೊತ್ತು ಕೂತಿದ್ದೆನೋ! ಆ ನೀರಿನಲ್ಲಿ ನನ್ನ ಮೈಸೂರಿನ ನೆಲವಿತ್ತು, ಅದರ ಮೇಲೆ ತೆವಳುತ್ತಿದ್ದ ಪುಟ್ಟ ಶುಭಾ ಇದ್ದಳು, ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಗಾಳಿ ಬೀಸಿದಾಗ ಮೂವರೂ ಒಟ್ಟಿಗೆ ನಡುಗಿ ನಕ್ಕರು.

ಇಂಥ ಸೊಬಗನ್ನು ಒಬ್ಬಳೇ ನೋಡಿದರೆ ಸಾಕೇ? ಫೋಟೋ ತೆಗೆದೆ. ಫೋನಿನಲ್ಲಿ ಟೈಪ್ ಮಾಡಲು ದಿಯಾ ಈಚೆಗಷ್ಟೇ ಕಲಿಸಿದ್ದಳು. ಒಂದೊಂದೇ ಅಕ್ಷರ ಒತ್ತಿ, "ನೆಲಕ್ಕೆ ನೀರು ಕಟ್ಟಿದ್ದೇನೆ. ಯಾರೂ ಚಿಂತೆ ಮಾಡಬೇಡಿ" ಎಂದು ಮೈಸೂರಿನ ತಂಗಿಗೆ ಕಳಿಸಿದೆ. ತಂಗಿಗೆ ಹೋಗಲಿಲ್ಲ. ಗೊಂಬೆಗೆ ಕರೆದಿದ್ದ ಹದಿನೆಂಟು ಮನೆಗಳ ವಾಟ್ಸಾಪ್ ಗುಂಪಿಗೆ ಹೋಯಿತು!

"ವಾವ್ ಆಂಟಿ, ಇನ್‌ಡೋರ್ ಪೂಲಾ?"

"ಮಕ್ಕಳಿಗೆ ಸ್ವಿಮ್‌ಸೂಟ್ ತರ್ಬೇಕಾ ಆಂಟಿ?"

ನಾನು ಉತ್ತರಕ್ಕೆ ಅಕ್ಷರ ಹುಡುಕುತ್ತಿರುವಾಗಲೇ ಶುಭಾಳ ಫೋನ್ ಬಂತು. "ಅಮ್ಮಾ! ಏನೇ ಅದು? ಆ ನೀರು ಮೊದ್ಲು ತೆಗಿ! ಎಪಾಕ್ಸಿಗೆ ನೀರು ತಾಗ್ಲೇಬಾರ್ದು!"

ತಾಗಬಾರದೇ? ಯೋಗಾ ಮ್ಯಾಟ್ ಎಳೆದೆ. ಕೆರೆ ಒಡೆದು ಡ್ರೈವ್‌ವೇ ಇಳಿದು ಬೀದಿ ಸೇರಿತು. ನಡುವೆ ಮಾತ್ರ ಒಂದಿಷ್ಟು ನೀರು ಉಳಿಯಿತು. ಕಾಲಿಡಬಾರದೆಂದು ಮಾತು ಕೊಟ್ಟಿದ್ದೇನಲ್ಲ? ಮುಳ್ಳಿನ ಚಪ್ಪಲಿ ಕಣ್ಣಿಗೆ ಬಿತ್ತು. ಅದನ್ನು ಕಟ್ಟಿಕೊಂಡರೆ ಅದು ಕಾಲಿಟ್ಟಂತಾಗುವುದಿಲ್ಲ. ಮಾಪ್ ಹಿಡಿದು, ಸೀರೆ ಎತ್ತಿ ಕಟ್ಟಿ, ನಡುವಿಗೆ ನಡೆದೆ. ಅಲ್ಲಿ ಮುಳ್ಳುಗಳು ಅರೆಗಟ್ಟಿ ಬಣ್ಣಕ್ಕೆ ಕಚ್ಚಿಕೊಂಡವು. ಬಲಗಾಲು ಎತ್ತಿದೆ. ಬರಲಿಲ್ಲ. ಎಡಗಾಲು ಎತ್ತಿದೆ. ಅದೂ ಬರಲಿಲ್ಲ. ಬಗ್ಗಿ ಪಟ್ಟಿ ಬಿಚ್ಚೋಣವೆಂದರೆ ಸೊಂಟ ಒಪ್ಪಲಿಲ್ಲ.

ನಾಯಿ ಹಿಡಿದು ಹೊರಟಿದ್ದ ಪಕ್ಕದ ಮನೆಯಾಕೆ ನಿಂತು ನೋಡಿದಳು. "ಯೂ ಓಕೆ, ಹನೀ?"

"ಓಕೆ, ಓಕೆ!" ಎಂದು ಮಾಪ್ ಆಡಿಸಿದೆ. ನಾಯಿ ಮಾತ್ರ ನಂಬಲಿಲ್ಲ.

ಅರ್ಧ ಗಂಟೆಯ ಮೇಲೆ ಪ್ರಸನ್ನ ಕಾರಿನಿಂದ ಇಳಿದಾಗ, ಅವರ ಕನಸಿನ ನೆಲದ ನಟ್ಟನಡುವೆ ನಾನು ಕೊಕ್ಕರೆಯಂತೆ ನಿಂತಿದ್ದೆ. ಅವರು ಹಲಗೆ ಹಾಸಿಕೊಂಡು ಬಂದು, ನನ್ನ ಕಾಲ ಬಳಿ ಬಗ್ಗಿ, ಪಟ್ಟಿ ಬಿಚ್ಚಿದರು. ಆ ತಲೆ ಮತ್ತೆ ನನ್ನ ಕೈಗೆಟುಕುವಂತೆಯೇ ಇತ್ತು. ಕೈಯನ್ನು ಬಿಗಿಯಾಗಿ ಹಿಡಿದುಕೊಂಡೆ.

"ಬಾಯಾರಿದೆ ಅಂದ್ಕೊಂಡೆ ಪ್ರಸನ್ನ" ಎಂದೆ.

"ಯಾರಿಗೆ ಅತ್ತೆ?"

"ನೆಲಕ್ಕೆ."

ಅವರು ಮುಖವನ್ನು ಮೊಣಕಾಲಿಗೆ ಒತ್ತಿಕೊಂಡರು. ಅತ್ತರೋ ನಕ್ಕರೋ, ಹೆಗಲು ಮಾತ್ರ ಅಲುಗಿತು.

ಸಂಜೆಗೆ ನೆಲದ ತುಂಬ ಬೆಳ್ಳಗೆ ಮಬ್ಬು ಹರಡಿತು, ಹಾಲು ಚೆಲ್ಲಿದ ಹಾಗೆ. ಎಲ್ಲವನ್ನೂ ಉಜ್ಜಿ ತೆಗೆದು ಮತ್ತೆ ಬಳಿಯಬೇಕು, ಅದು ನವರಾತ್ರಿ ಕಳೆದ ಮೇಲೆ ಎಂದರು. ನಾನು ರಾಜ ರಾಣಿಯರನ್ನು ಮತ್ತೆ ಸೀರೆಯಲ್ಲಿ ಸುತ್ತತೊಡಗಿದೆ. ಇಷ್ಟು ವರ್ಷ ತಪ್ಪದ್ದು ನನ್ನ ಕೈಯಿಂದಲೇ ತಪ್ಪಿತಲ್ಲ! ಶುಭಾ ಬೈಯಲೆಂದು ಬಂದವಳು ನನ್ನ ಮುಖ ನೋಡಿ ಪಕ್ಕದಲ್ಲಿ ಕೂತು ಸೀರೆಯ ಇನ್ನೊಂದು ಚುಂಗು ಹಿಡಿದಳು.

"ಅಜ್ಜಿ, ಗೊಂಬೆಗೆ ಸ್ಟೆಪ್ಸ್ ಬೇಕು, ರೈಟ್?" ಎಂದಳು ದಿಯಾ. "ನಮ್ಮ ಮನೇಲಿ ಸ್ಟೆಪ್ಸ್ ಇದೆ!"

ಹಾಲ್‌ನಿಂದ ಮಹಡಿಗೆ ಹತ್ತುವ ಮೆಟ್ಟಿಲು! ಎಣಿಸಿದೆವು. ಹದಿಮೂರು, ಗೊಂಬೆ ಕೂರಿಸಲು ಬೇಕಾದ ಹಾಗೇ ಬೆಸ ಸಂಖ್ಯೆ. ಗುರುವಾರ ಬೆಳಿಗ್ಗೆ ದಿಯಾ ತನ್ನ ಪುಟ್ಟ ಕೈಗಳಿಂದ ರಾಜ ರಾಣಿಯರನ್ನು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಕೂರಿಸಿದಳು. ಕೆಳಗಿನ ಮೆಟ್ಟಿಲುಗಳಲ್ಲಿ ದಿಯಾಳ ಆಟದ ಗೊಂಬೆಗಳನ್ನು ಜೋಡಿಸಿ, ಪಕ್ಕದಲ್ಲಿ ಪಾದದಗಲ ದಾರಿ ಬಿಟ್ಟೆವು. ಮಹಡಿಯ ಮೇಲೆ ಮಲಗುವ ಪ್ರಸನ್ನ ಹತ್ತೂ ದಿನ ಏಡಿಯಂತೆ ಅಡ್ಡಡ್ಡ ಹತ್ತಿ ಇಳಿದರು. ಅಲಾರಮ್ಮಿಗೆ ಹೆದರಿ ದೀಪಗಳೆಲ್ಲ ಬ್ಯಾಟರಿಯವು.

ಸಂಜೆ ಹದಿನೆಂಟು ಮನೆಯವರೂ ಬಂದರು. ನನಗೆ ಶುಭಾಳ ಆಜ್ಞೆಯಾಗಿತ್ತು. ರೇಷ್ಮೆ ಸೀರೆ ಉಟ್ಟು ಕೆಳಗಿನ ಮೆಟ್ಟಿಲಲ್ಲಿ ಕೂರಬೇಕು, ಯಾವುದನ್ನೂ ಮುಟ್ಟಬಾರದು, ಏಳಬಾರದು. ಕೂತೆ. ಮಿಣಿಮಿಣಿ ಬೆಳಕಿನಲ್ಲಿ ಗೊಂಬೆಗಳ ನೆರಳು ಗೋಡೆಯ ಮೇಲೆ ತೂಗುತ್ತಿತ್ತು. ಆ ಬೆಳಕನ್ನೇ ನೋಡುತ್ತ ನಾನು ಎಲ್ಲೋ ಹೋಗಿಬಿಟ್ಟಿದ್ದೆ. ಒಂದು ಪುಟ್ಟ ಮಗು ಬಂದು ನನ್ನ ಕೆನ್ನೆಗೆ ಬೆರಳಿನಿಂದ ಚುಚ್ಚಿತು. ನಾನು ಕದಲಲಿಲ್ಲ.

"ಆಂಟೀ, ಈ ದೊಡ್ಡ ಅಜ್ಜಿ ಗೊಂಬೇನೂ ಬ್ಯಾಟರೀದಾ?"

ಅಡಿಗೆಮನೆಯಿಂದ ಶುಭಾಳ ದನಿ ಬಂತು. "ಇಲ್ಲ ಪುಟ್ಟಾ. ಬ್ಯಾಟರಿ ಇದ್ದಿದ್ರೆ ಸೋಮವಾರ ಕೆಲಸಕ್ಕೆ ಹೋಗೋವಾಗ್ಲೇ ತೆಗೆದಿಟ್ಟಿರ್ತಿದ್ದೆ!"