ತೊಳೆದಿಟ್ಟ ಬಂಡೆ

ಹುಲಿ ಹುಡುಕಲು ಹೊರಟವರನ್ನು ಜನ ಭಯಭಕ್ತಿಯಿಂದ ನೋಡುತ್ತಾರೆ. ಹಾವಸೆ ಹುಡುಕಲು ಹೊರಟರೆ ಮಾತ್ರ ಎಲ್ಲರಿಗೂ ನಿಂತು ವಿಚಾರಿಸುವಷ್ಟು ಪುರಸೊತ್ತು ಬಂದುಬಿಡುತ್ತದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನಾನು ಪ್ರತಿ ಮಳೆಗಾಲವೂ ಇದನ್ನು ಅನುಭವಿಸುತ್ತಲೇ ಇದ್ದೇನೆ.

ಸುರಪುರದ ಗುಡ್ಡಗಳ ನಡುವೆ ಮರ ತುಂಬಿದ ಒಂದು ಕೊಳ್ಳವಿದೆ. ಅಲ್ಲಿ ಹಾವಸೆಯ ಜೊತೆಗೆ ಲಿವರ್‌ವರ್ಟ್ ಎಂಬ ಅದರ ಬಳಗದ ಸಸ್ಯವೂ ಇದೆ. ಚಪ್ಪಟೆ ಹಸಿರು ನಾಲಿಗೆಯ ಹಾಗೆ ಕಲ್ಲಿಗೆ ಅಂಟಿ ಹಬ್ಬುತ್ತದೆ. ಇದನ್ನು ನಾನು ಹೇಳಿದಾಗ ವಿಶ್ವವಿದ್ಯಾಲಯದ ಹಿರಿಯ ತಜ್ಞರೊಬ್ಬರು, “ನಿಮ್ಮ ಬಿಸಿಲಿಗೆ ಅದೆಲ್ಲಿ ಬದುಕುತ್ತಮ್ಮಾ?” ಎಂದು ನಕ್ಕರು. “ಬನ್ನಿ ಸರ್, ತೋರಿಸ್ತೀನಿ” ಎಂದುಬಿಟ್ಟೆ. ಇನ್ನು ತೋರಿಸದೆ ಗತಿಯಿಲ್ಲ.

ಮನೆಯ ಬಾಗಿಲಲ್ಲಿ

ಶಹಾಪುರದ ನಮ್ಮ ಮನೆಯಲ್ಲಿ ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತಿದ್ದೆ. ಅತ್ತೆ ಬಂದು ನಿಂತರು.

“ಎಲ್ಲಿಗಿ ಹೊಂಟಿ?”

“ಹಾವಸಿ ನೋಡಾಕ್ರಿ ಅತ್ತಿ. ಸುರಪುರದ ಕಡಿಗಿ.”

“ಅದಕ್ಯಾಕ ಬಸ್ಸು ಹತ್ತಬೇಕು? ಬಚ್ಚಲದಾಗ ಬೇಕಾದಷ್ಟು ಐತಿ.”

“ಅದು ಬ್ಯಾರೆ ಜಾತಿರಿ.”

ಅತ್ತೆ ತಲೆಯಾಡಿಸಿದರು. “ಹೌದ್ ಬಿಡು. ಇದು ತಿಕ್ಕೋ ಜಾತಿ, ಅದು ನೋಡೋ ಜಾತಿ.”

ಗಿಡದ ಡಾಕ್ಟರ್

ಕೊಳ್ಳದ ಬಾಯಲ್ಲಿ ಬಂಡೆಯ ಮೇಲೆ ಬೋರಲು ಮಲಗಿ, ಲೆನ್ಸನ್ನು ಕಣ್ಣಿಗೊತ್ತಿ ಹಾವಸೆ ನೋಡುತ್ತಿದ್ದೆ. ಹಿಂದಿನಿಂದ ಒಬ್ಬ ರೈತರ ದನಿ ಬಂತು.

“ಅಕ್ಕೋರ, ಚಕ್ಕರ್ ಬಂದು ಬಿದ್ದೀರೇನ್ರಿ?”

“ಇಲ್ರಿ ಕಾಕಾ. ಈ ಹಸರು ನೋಡಾಕತ್ತೇನಿ.”

“ಅಂದ್ರ ಗಿಡದ ಡಾಕ್ಟರ್ ಅನ್ರಿ.”

ಬಿಸಿಲಲ್ಲಿ ವಾದ ಬೇಡವೆಂದು, “ಹಂಗ ಅನ್ಕೋರಿ” ಎಂದೆ. ಮರುದಿನ ನೋಡಿದರೆ ಕಾಕಾ ಎಲೆ ಮುದುಡಿ ಮುಟಗಿ ಬಿದ್ದ ಹತ್ತಿ ಗಿಡ ಕಿತ್ತುಕೊಂಡು ನಿಂತಿದ್ದಾರೆ. ಪಕ್ಕದಲ್ಲಿ ಇನ್ನೊಬ್ಬರು, ಕೈಯಲ್ಲಿ ಬಾಡಿದ ಮೆಣಸಿನ ಗಿಡ.

“ಕಾಕಾ, ಇದರಾಗ ನನಗೇನೂ ತಿಳಿಯಂಗಿಲ್ರಿ. ನನಗ ಹಾವಸಿ ಅಷ್ಟ ಗೊತ್ತು.”

ಕಾಕಾ ಜೊತೆಯವರ ಕಡೆ ತಿರುಗಿದರು. “ರೋಗ ಇಲ್ಲದ್ದನ್ನ ಮಲಕ್ಕೊಂಡು ನೋಡತಾರ, ರೋಗ ಬಂದಿದ್ದನ್ನ ನಿಂತೂ ನೋಡಂಗಿಲ್ಲ. ಸರಕಾರಿ ಡಾಕ್ಟರ ಇರಬೇಕು, ನಡಿ.”

ದೊಡ್ಡವರು ಬರುತ್ತಾರೆ

ನನ್ನ ಲಿವರ್‌ವರ್ಟ್ ಇದ್ದದ್ದು ಇಡೀ ಕೊಳ್ಳದಲ್ಲಿ ಒಂದೇ ಕಡೆ, ನೀರು ಜಿನುಗುವ ಒಂದು ಬಂಡೆಯ ಮೇಲೆ. ಹತ್ತಿರದ ಗುಡಿಸಲಿನ ಅಜ್ಜಿ ಅಲ್ಲಿಂದಲೇ ನೀರು ಒಯ್ಯುತ್ತಿದ್ದರು. ತಜ್ಞರು ಬರುವ ದಿನ ಗೊತ್ತಾದ ಮೇಲೆ ಅವರಿಗೆ ಹೇಳಿದೆ: “ಅಜ್ಜಿ, ಈ ಕಲ್ಲು ಜ್ವಾಕಿರಿ. ಇದನ್ನ ನೋಡಾಕಂತನ ದೊಡ್ಡ ಸಾಹೇಬ್ರು ಬರತಾರ.”

“ನಾ ಇಲ್ಲೇನು? ನೀ ಬೇಫಿಕರ್ ಇರು.”

ಬೇಫಿಕರ್ ಆಗಿಯೇ ತಜ್ಞರನ್ನು ಕರೆತಂದೆ. ದಾರಿಯುದ್ದಕ್ಕೂ ನನ್ನ ಮಾತಿಗೆ ಬಿಡುವಿರಲಿಲ್ಲ. ಕೊಳ್ಳಕ್ಕಿಳಿದು ನೋಡಿದರೆ ಬಂಡೆ ಆಗಷ್ಟೇ ಎಣ್ಣೆ ಹಚ್ಚಿ ಎರೆದ ಕೂಸಿನ ಹಾಗೆ ಮಿರಮಿರ ಮಿಂಚುತ್ತಿತ್ತು. ಮುಂದೆ ರಂಗೋಲಿ ಬೇರೆ. ಅಜ್ಜಿ, ಇಬ್ಬರು ಸೊಸೆಯಂದಿರು ಸೆರಗು ಸರಿಮಾಡಿಕೊಂಡು ನಿಂತಿದ್ದರು.

“ಇಟ್ಟಂಗಿ ಚೂರು ಹಚ್ಚಿ ತಿಕ್ಕೀವಿ,” ಎಂದರು ಅಜ್ಜಿ. “ದೊಡ್ಡವರು ಜಾರಿ ಬಿದ್ದರ ಯಾರ ಮಾನ ಹೋಗತದ?”

ತಜ್ಞರು ನನ್ನ ಮುಖ ನೋಡಿದರು. ನಾನು ಅಜ್ಜಿಯ ಮುಖ ನೋಡಿದೆ. “ಕೆರೆದು ತಗದಿದ್ದು ಎಲ್ಲೈತ್ರಿ?”

“ಕುಡಿಯೋ ನೀರಾಗ ಚೆಲ್ಲತೀವೇನು? ಬುಟ್ಯಾಗ ಐತಿ.”

ಅಷ್ಟು ದೊಡ್ಡ ಮನುಷ್ಯ ಆ ಕಸದ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕೆದಕಿದರು. ಒಂದು ಚೂರನ್ನೆತ್ತಿ ಲೆನ್ಸು ಹಿಡಿದರು.

“ಲಿವರ್‌ವರ್ಟೇ. ಆದರೆ ಬುಟ್ಟಿಯಲ್ಲಿ ಬೆಳೆದಿದೆ ಅಂತ ಬರೆಯೋಕಾಗಲ್ಲಮ್ಮಾ. ಕಲ್ಲಿನ ಮೇಲೆ ಜೀವಂತ ಕಾಣಬೇಕು.”

ಅಜ್ಜಿಯ ಮುಖ ಸಣ್ಣದಾಗಿತ್ತು. ಸಾಹೇಬರು ತಿಕ್ಕಿದ ಕಲ್ಲಿನ ಕಡೆ ತಿರುಗಿಯೂ ನೋಡಿರಲಿಲ್ಲವಲ್ಲ. ಅಜ್ಜಿ ಮೆಲ್ಲಗೆ ನನ್ನ ರಟ್ಟೆ ಹಿಡಿದು ಬಂಡೆಯ ಹಿಂದಕ್ಕೆ ಎಳೆದರು, ಮೇಲಿನ ಬಿರುಕಿನತ್ತ ಕಣ್ಣು ತೋರಿಸಿ ಪಿಸುಗುಟ್ಟಿದರು:

“ತಂಗೀ, ಅಲ್ಲಿ ನಮ್ಮ ಕೈ ಮುಟ್ಟಲಿಲ್ಲವ್ವಾ, ಹಸರು ಹಂಗ ಉಳದೈತಿ. ಹೆಂಗರ ಮಾಡಿ ಸಾಹೇಬ್ರ ಕಣ್ಣಿಗಿ ಬೀಳದಂಗ ನೋಡ್ಕೋ.”